ಬಡ್ಡಿಯಿಲ್ಲದ ದುಡ್ಡು

ನಮ್ಮ ಅಬ್ಬಾ ಬ್ಯಾಂಕಿನ ಬಡ್ಡಿಯನ್ನು ಎಂದೂ ಮನೆಗೆ ತರಲಿಲ್ಲ. ಕಾಮಾಕ್ಷಿಪಾಳ್ಯದ ಒಂದು ಶೆಡ್ಡಿನಲ್ಲಿ ಅವರು ಲೇಥ್ ಮೆಷಿನ್ ನಡೆಸುತ್ತಿದ್ದರು. ಸಂಬಳ ಬ್ಯಾಂಕಿಗೆ ಬೀಳಲು ಶುರುವಾದ ಮೇಲೆ ವರ್ಷಕ್ಕೊಮ್ಮೆ ಪಾಸ್‌ಬುಕ್ ತಂದು ನನ್ನ ಮುಂದಿಟ್ಟು, ಇದರಲ್ಲಿ ಬಡ್ಡಿ ಎಷ್ಟು ಬಂದಿದೆ ನೋಡಿ ಹೇಳು ಎನ್ನುತ್ತಿದ್ದರು. ನಮ್ಮ ಧರ್ಮದಲ್ಲಿ ಬಡ್ಡಿ ಹರಾಮು, ತಿನ್ನಬಾರದ್ದು. ಅಷ್ಟನ್ನು ಬಿಡಿಸಿಕೊಂಡು ಯಾರದೋ ಮನೆಯ ಕಕ್ಕಸು ಕಟ್ಟಿಸುವುದಕ್ಕೋ, ಗಲ್ಲಿಯ ಚರಂಡಿಗೆ ಚಪ್ಪಡಿ ಹಾಕಿಸುವುದಕ್ಕೋ ಕೊಟ್ಟುಬಿಡುತ್ತಿದ್ದರು. ಅದನ್ನು ದಾನ ಎಂದು ಅವರು ಹೇಳಿದ್ದನ್ನು ನಾನು ಕೇಳಿಲ್ಲ. ಸಂಜೆ ಕೆಲಸ ಬಿಟ್ಟಾಗ ಕೈಯ ಗ್ರೀಸನ್ನು ಬಟ್ಟೆಯ ಚೂರಿಗೆ ಒರೆಸಿ ಎಸೆಯುತ್ತಿದ್ದರಲ್ಲ, ಹಾಗೆ. ತಿಂಗಳ ಕೊನೆಯಲ್ಲಿ ಅಕ್ಕಿಗೂ ಕಷ್ಟವಾಗುತ್ತಿದ್ದ ಮನೆಯಲ್ಲಿ ಅಮ್ಮಿಗೆ ಇದು ಅಷ್ಟೇನೂ ಹಿಡಿಸುತ್ತಿರಲಿಲ್ಲ. ಆದರೆ ಅಬ್ಬಾನ ಎದುರು ಆ ಮಾತು ಎತ್ತುತ್ತಿರಲಿಲ್ಲ.

ಈ ವಿಷಯ ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಮುಖ್ಯವಾಗಿ ಪಕ್ಕದ ಡ್ರಿಲ್ಲಿಂಗ್ ಮೆಷಿನ್ನಿನಲ್ಲಿದ್ದ ಬ್ಯಾಡರಹಳ್ಳಿ ಮಾಮನಿಗೆ. ಮಾಮ ಎಂದರೆ ರಕ್ತಸಂಬಂಧವಲ್ಲ. ಅವರು ಹಳೇ ಬ್ಯಾಡರಹಳ್ಳಿಯ ಒಕ್ಕಲು ಮನೆಯವರು. ಊರು ಊರಾಗಿದ್ದಾಗ ಹೊಲ ಇದ್ದ ಮನೆತನ. ಅಣ್ಣಂದಿರು ಹೊಲವನ್ನೆಲ್ಲ ಸೈಟು ಮಾಡಿ ಮಾರಿ ಬಾಡಿಗೆ ಮನೆಗಳನ್ನು ಕಟ್ಟಿಸಿಕೊಂಡರು. ಕೊನೆಯವರಾದ ಇವರ ಪಾಲಿಗೆ ಉಳಿದದ್ದು ತಾವಿರುವ ಮನೆ ಮಾತ್ರ. ಅಬ್ಬಾ ಮತ್ತು ಅವರು ಯೌವನದಿಂದ ಒಂದೇ ಶೆಡ್ಡಿನಲ್ಲಿದ್ದವರು. ಒಬ್ಬರು ಕಡೆದ ಶಾಫ್ಟಿಗೆ ಇನ್ನೊಬ್ಬರು ತೂತು ಹಾಕಬೇಕು. ಮಧ್ಯಾಹ್ನ ಒಬ್ಬರ ಡಬ್ಬಿಯಿಂದ ಇನ್ನೊಬ್ಬರು ತಿನ್ನುವುದು. ಹಬ್ಬಕ್ಕೆ ಅವರ ಮನೆಯ ಒಬ್ಬಟ್ಟು ನಮ್ಮಲ್ಲಿಗೆ ಬರುತ್ತಿತ್ತು. ನಾನು ಗೋವಿಂದರಾಜನಗರದ ಒಂದು ಖಾಸಗಿ ಶಾಲೆಗೆ ಕನ್ನಡ ಟೀಚರಾಗಿ ಸೇರಿದ ದಿನದಿಂದ ಅವರು ನನ್ನನ್ನು ಟೀಚ್ರಮ್ಮ ಎಂದೇ ಕರೆಯುತ್ತಿದ್ದರು.

ಶೆಡ್ಡಿನ ಮಾಲೀಕರು ಕಾರ್ಖಾನೆಯನ್ನು ಊರಾಚೆಗೆ ಸಾಗಿಸಿ ಕಂಪ್ಯೂಟರ್ ಮೆಷಿನ್ನುಗಳನ್ನು ಹಾಕಲು ತೀರ್ಮಾನಿಸಿದಾಗ ಹಳೇ ಕೆಲಸಗಾರರ ಲೆಕ್ಕ ಚುಕ್ತಾ ಮಾಡಿದರು. ಮಾಲೀಕರು ಮೋಸ ಮಾಡಲಿಲ್ಲ. ಗ್ರಾಚ್ಯುಟಿ, ಪಿಎಫ್ ಎಲ್ಲ ಸೇರಿ ಅಬ್ಬಾ ಬದುಕಿನಲ್ಲಿ ಒಮ್ಮೆಯೂ ಒಟ್ಟಿಗೆ ನೋಡಿರದಷ್ಟು ದುಡ್ಡು ಬ್ಯಾಂಕಿಗೆ ಬಂತು. ಅದು ಬಂದ ದಿನದಿಂದ ಅವರ ನಿದ್ದೆ ಹೋಯಿತು. ಬ್ಯಾಂಕಿನಲ್ಲೇ ಬಿಟ್ಟರೆ ಬಡ್ಡಿ. ಎಫ್‌ಡಿ ಎಂದರೆ ಇನ್ನೂ ದೊಡ್ಡ ಬಡ್ಡಿ. ಸುಮ್ಮನೆ ಇಟ್ಟುಕೊಂಡು ತಿಂದರೆ ಎಷ್ಟು ದಿನ ಬಂದೀತು?

ಅವರಿಗೆ ಬ್ಯಾಂಕು ಎಂದರೆ ಬಡ್ಡಿಯೊಂದೇ ತೊಂದರೆಯಾಗಿರಲಿಲ್ಲ. ಕಬ್ಬಿಣದ ಚೂರು ತಗುಲಿ ತಗುಲಿ ಅವರ ಬೆರಳುಗಳು ಬಿರುಸಾಗಿದ್ದವು, ಸಹಿ ಒಂದು ಸಲ ಬಂದ ಹಾಗೆ ಇನ್ನೊಂದು ಸಲ ಬರುತ್ತಿರಲಿಲ್ಲ. ಕೌಂಟರಿನ ಹುಡುಗ ತಲೆಯೆತ್ತದೆ ಚೀಟಿಯನ್ನು ವಾಪಸು ತಳ್ಳುತ್ತಿದ್ದ. ಹೆಬ್ಬೆಟ್ಟು ಒತ್ತಲು ಹೋದರೆ ಯಂತ್ರಕ್ಕೆ ಅವರ ಗುರುತು ಸಿಗುತ್ತಿರಲಿಲ್ಲ. ಮಗಳನ್ನು ಕರ್ಕೊಂಡು ಬನ್ನಿ ಎಂದು ಎಲ್ಲರೆದುರು ಹೇಳಿಸಿಕೊಂಡು ಅವರು ಮನೆಗೆ ಬಂದ ಒಂದು ಮಧ್ಯಾಹ್ನ ನನಗೆ ನೆನಪಿದೆ. ಊಟಕ್ಕೆ ಕುಳಿತವರು ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು.

ನಾನು ಫೋನಿನಲ್ಲಿ ಒಂದು ಮ್ಯೂಚುವಲ್ ಫಂಡ್ ತೋರಿಸಿದೆ. ಸಾರಾಯಿ, ಲಾಟರಿ, ಬಡ್ಡಿ ವ್ಯವಹಾರದ ಕಂಪನಿಗಳಲ್ಲಿ ದುಡ್ಡು ಹಾಕದ, ಶರಿಯತ್ತಿಗೆ ಸರಿಹೊಂದುವ ಫಂಡು. ಸರ್ಕಾರದ ನಿಯಮದೊಳಗೆ ನಡೆಯುವಂಥದ್ದು. ಅಬ್ಬಾ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಇದರ ಆಫೀಸು ಎಲ್ಲಿದೆ ಎಂದರು. ಮುಂಬೈಯಲ್ಲಿದೆ ಎಂದೆ. ಏನಾದರೂ ಆದರೆ ನಾನು ಯಾರನ್ನು ಹೋಗಿ ಕೇಳಬೇಕು ಎಂದರು. ಫೋನ್ ಮಾಡಬಹುದು ಎಂದೆ. ಅಸಲು ಕಡಿಮೆಯಾಗುತ್ತದಾ ಎಂದು ಕೇಳಿದಾಗ, ಕೆಲವು ಸಲ ಆಗಬಹುದು ಎಂದು ನಿಜ ಹೇಳಿದೆ. ಅವರು ಫೋನನ್ನು ಜೋಪಾನವಾಗಿ ನನ್ನ ಕೈಗೆ ಕೊಟ್ಟು, ಮುಖ ಇಲ್ಲದವರ ಕೈಗೆ ಹೇಗೆ ಕೊಡೋದು ಬೇಟಿ ಎಂದರು. ನನಗೂ ಅದರ ಒಳಹೊರಗು ಪೂರ್ತಿ ತಿಳಿದಿರಲಿಲ್ಲ. ಆ ಮಾತನ್ನು ಅಲ್ಲಿಗೇ ಬಿಟ್ಟೆ.

ಮುಖವಿದ್ದವನು ಶುಕ್ರವಾರದ ನಮಾಜು ಮುಗಿದ ಮೇಲೆ ಮಸೀದಿಯ ಗಲ್ಲಿಯಲ್ಲಿ ನಿಲ್ಲುತ್ತಿದ್ದ. ಇಸ್ತ್ರಿ ಮಾಡಿದ ಬಿಳಿ ಜುಬ್ಬಾ, ಸಣ್ಣ ಗಡ್ಡ, ಮೆಲುದನಿಯ ಹುಡುಗ. ಯಾರಿಗೆ ಸಕ್ಕರೆ ಕಾಯಿಲೆ, ಯಾರ ಮಗಳ ಮದುವೆ ಮುಂದಕ್ಕೆ ಹೋಯಿತು ಎಲ್ಲ ಅವನಿಗೆ ಗೊತ್ತು. ದುಡ್ಡಿನ ಮಾತನ್ನು ತಾನಾಗಿ ಎತ್ತುತ್ತಲೇ ಇರಲಿಲ್ಲವಂತೆ. ಅಬ್ಬಾನೇ ಕೇಳಿದ ಮೇಲೆ, ತಾನು ಕೆಲಸ ಮಾಡುವ ಸಂಸ್ಥೆ ಚಿನ್ನ ಮತ್ತು ಧಾನ್ಯದ ವ್ಯಾಪಾರ ಮಾಡುತ್ತದೆ, ಅದರಲ್ಲಿ ದುಡ್ಡು ಹಾಕಿದವರು ಪಾಲುದಾರರು, ಬಂದ ಲಾಭವನ್ನು ಹಂಚಿಕೊಡುತ್ತಾರೆ, ಬಡ್ಡಿಯ ವಾಸನೆಯೂ ಇಲ್ಲ ಎಂದು ವಿವರಿಸಿದನಂತೆ. ಒಂದು ಸಲ ಆಫೀಸಿಗೆ ಬಂದು ನೋಡಿ ಚಾಚಾ, ಹಾಕಲೇಬೇಕು ಅಂತಿಲ್ಲ ಎಂದನಂತೆ.

ಅಬ್ಬಾ ಅಮ್ಮಿಯನ್ನು ಕರೆದುಕೊಂಡು ಹೋಗಿ ಬಂದರು. ಅವತ್ತು ಮನೆಗೆ ಬಂದಾಗ ಅವರ ಮುಖ ಬೇರೆಯೇ ಆಗಿತ್ತು. ಒಳಗೆ ಹೋದ ಕೂಡಲೇ ಎದ್ದು ನಿಂತು ಸಲಾಮ್ ಹೇಳಿದರಂತೆ. ಸೋಫಾದ ಮೇಲೆ ಕೂರಿಸಿ, ಪಿಂಗಾಣಿ ಬಟ್ಟಲಿನಲ್ಲಿ ಚಹಾ ಕೊಟ್ಟರಂತೆ. ಹೆಂಗಸರಿಗೆ ಬೇರೆ ಕೋಣೆ, ಅಲ್ಲಿ ಮಾತಾಡಿಸಲು ಹೆಂಗಸರೇ. ಇದು ಧರ್ಮಕ್ಕೆ ವಿರುದ್ಧವಲ್ಲ ಎಂದು ಮೌಲಾನಾಗಳು ಬರೆದುಕೊಟ್ಟ ಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರಂತೆ. ಸಹಿ ಸರಿ ಬರದೆ ಅಬ್ಬಾ ನಾಚಿಕೊಂಡಾಗ ಅಲ್ಲಿನವರು, ಕೆಲಸ ಮಾಡಿದ ಕೈ ಚಾಚಾ, ಹೀಗೇ ಇರಬೇಕು ಎಂದರಂತೆ. ಈ ಮಾತನ್ನು ಅಬ್ಬಾ ಆ ವಾರವೆಲ್ಲ ಹೇಳಿಕೊಂಡರು. ಅಮ್ಮಿ ಮಾತ್ರ, ಅವರು ಕೊಳ್ಳುವ ಚಿನ್ನ ಎಲ್ಲಿದೆ, ಧಾನ್ಯದ ಮಂಡಿ ಎಲ್ಲಿದೆ ಎಂದು ಕೇಳಿದಳು. ವ್ಯಾಪಾರ ಅಂದಮೇಲೆ ಊರೂರಲ್ಲಿ ಇರುತ್ತೆ ಎಂದು ಅಬ್ಬಾ ಉತ್ತರಿಸಿದರು. ಅಮ್ಮಿಯ ತಂಗಿಯ ಮನೆಯವರು ಆಗಲೇ ಹಾಕಿದ್ದರು, ಲಾಭ ತಪ್ಪದೆ ಬರುತ್ತಿತ್ತು. ಕೊನೆಗೆ ಅವಳೂ ತಲೆಯಾಡಿಸಿದಳು.

ದುಡ್ಡು ಹಾಕಿದ ಮೇಲೆ ಪ್ರತಿ ತಿಂಗಳೂ ಲಾಭ ಬಂತು. ಅದು ಒಂದೇ ಸಮನಾಗಿ ಬರುತ್ತಿರಲಿಲ್ಲ ಎನ್ನುವುದೇ ಅಬ್ಬಾನಿಗೆ ದೊಡ್ಡ ನೆಮ್ಮದಿ. ಬಡ್ಡಿಯಾದರೆ ಗೂಟ ಹೊಡೆದ ಹಾಗೆ ಒಂದೇ ಕಡೆ ನಿಂತಿರುತ್ತದೆ, ವ್ಯಾಪಾರವಾದರೆ ಮೇಲೆ ಕೆಳಗೆ ಆಗಲೇಬೇಕು ಎನ್ನುತ್ತಿದ್ದರು. ಒಂದು ತಿಂಗಳು ಬಹಳ ಕಡಿಮೆ ಬಂತು. ವ್ಯಾಪಾರ ಮಂದವಿದೆ, ಕ್ಷಮಿಸಬೇಕು ಎಂದು ಫೋನಿಗೆ ಮೆಸೇಜು ಬಂದಿತ್ತು. ಅದನ್ನು ನನ್ನಿಂದ ಮತ್ತೆ ಮತ್ತೆ ಓದಿಸಿಕೊಂಡರು. ಕಳ್ಳರಾಗಿದ್ದರೆ ಕಡಿಮೆ ಕೊಡುತ್ತಿದ್ದರಾ ಎಂದು ಅಮ್ಮಿಯನ್ನು ಕೇಳಿದರು. ಅಷ್ಟು ಯೋಚನೆ ಮಾಡಿ ಮೋಸ ಮಾಡುವವರಿರುತ್ತಾರೆ ಎಂದು ನಮಗೆ ಹೊಳೆಯಲಿಲ್ಲ.

ಆ ಹೊತ್ತಿಗೆ ಬ್ಯಾಡರಹಳ್ಳಿ ಮಾಮ ತಮ್ಮ ದುಡ್ಡಿನ ಚಿಂತೆಯಲ್ಲಿದ್ದರು. ಅವರ ಹೆಂಡತಿಗೆ ಎರಡೂ ಮೊಣಕಾಲು ಸವೆದುಹೋಗಿ, ಗೋಡೆ ಹಿಡಿದುಕೊಂಡೇ ಓಡಾಡುವ ಸ್ಥಿತಿ. ಚಿಪ್ಪು ಬದಲಾಯಿಸಬೇಕು ಎಂದು ಡಾಕ್ಟರು ಹೇಳಿದ್ದರು. ಚುಕ್ತಾ ಬಂದ ದುಡ್ಡನ್ನು ಪೂರ್ತಿ ಅದಕ್ಕೆ ಸುರಿದರೆ ಆಮೇಲೆ ತಿನ್ನುವುದೇನು ಎಂಬ ಭಯ. ಎಲ್ಲಾದರೂ ಹಾಕಿ, ಅದರಿಂದ ಬಂದದ್ದನ್ನು ಕೂಡಿಟ್ಟು ಆಪರೇಷನ್ ಮಾಡಿಸಬೇಕು ಎಂಬುದು ಅವರ ಲೆಕ್ಕಾಚಾರ. ಅವರ ಬೀದಿಯಲ್ಲಿ ಚೀಟಿ ನಡೆಸುತ್ತಿದ್ದವಳು ಮನೆಗೆ ಬೀಗ ಹಾಕಿಕೊಂಡು ಹೋಗಿ ಹೆಚ್ಚು ದಿನವಾಗಿರಲಿಲ್ಲ. ಅಣ್ಣಂದಿರ ಹತ್ತಿರ ದುಡ್ಡಿನ ಮಾತೇ ಬೇಡ ಎನ್ನುವಂತಾಗಿತ್ತು.

ಒಂದು ಭಾನುವಾರ ನಮ್ಮ ಮನೆಗೆ ಬಂದು ನೇರವಾಗಿ ಕೇಳಿದರು. ತಮ್ಮನ್ನೂ ಅಲ್ಲಿಗೆ ಸೇರಿಸಬೇಕು ಎಂದರು. ಅಬ್ಬಾ ಒಪ್ಪಲಿಲ್ಲ. ಅದು ನಮ್ಮ ಧರ್ಮದ ಕಟ್ಟಿಗೆ ಮಾಡಿಕೊಂಡದ್ದು, ನಿಮಗೆ ಬ್ಯಾಂಕಿನಲ್ಲಿ ಬಡ್ಡಿ ತಗೊಳ್ಳಲು ಅಡ್ಡಿಯಿಲ್ಲವಲ್ಲ ಎಂದರು. ಮಾಮ ಮುಂದಿನ ವಾರ ಮತ್ತೆ ಬಂದರು. ಆಗ ಅವರು ಆಡಿದ ಮಾತು ಇದು.

"ನಿಮ್ಮ ಮೌಲಾನಾನೂ ನಂಗೊತ್ತಿಲ್ಲ, ಆ ಕಂಪನಿನೂ ಗೊತ್ತಿಲ್ಲ ಸಾಬ್ರೇ. ಬಂದ ಬಡ್ಡಿನ ಚರಂಡಿಗೆ ಹಾಕೋ ಮನುಷ್ಯ ನೀವು. ನೀವು ಹಾಕಿರೋ ಜಾಗದಲ್ಲಿ ನಾನು ಹಾಕ್ತೀನಿ, ಅಷ್ಟೇಯ."

ಅಬ್ಬಾ ತಲೆ ತಗ್ಗಿಸಿದರು. ಹೊಗಳಿಕೆ ಅವರಿಗೆ ಕಷ್ಟ. ಅಮ್ಮಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಆ ವಾರವೇ ಇಬ್ಬರೂ ಅಬ್ಬಾನ ಮೊಪೆಡ್ಡಿನಲ್ಲಿ ಹೋಗಿ ಬಂದರು. ಮಾಮನನ್ನೂ ಸೋಫಾದ ಮೇಲೆ ಕೂರಿಸಿ, ಚಹಾ ಕೊಟ್ಟು, ಅಣ್ಣ ಅಣ್ಣ ಎಂದು ಮಾತಾಡಿಸಿದ್ದರು. ಮೊಣಕಾಲಿನ ವಿಷಯ ಕೇಳಿ, ಗುರುತಿನ ಡಾಕ್ಟರಿದ್ದಾರೆ, ಹೇಳುತ್ತೇವೆ ಎಂದೂ ಅಂದಿದ್ದರು.

ಮುಂದಿನ ತಿಂಗಳು ಅಬ್ಬಾನಿಗೆ ಎಂದಿಗಿಂತ ಹೆಚ್ಚು ಲಾಭ ಬಂತು. ವ್ಯಾಪಾರ ಚೇತರಿಸಿಕೊಂಡಿದೆ ಎಂದು ಅವರು ಖುಷಿಪಟ್ಟರು. ಮಟನ್ ತಂದು ಬಿರಿಯಾನಿ ಮಾಡಿಸಿದರು. ಮಾಮನನ್ನೂ ಅವರ ಹೆಂಡತಿಯನ್ನೂ ಆಟೋದಲ್ಲಿ ಕರೆಸಿದರು. ನಮ್ಮ ಮನೆ ಮೊದಲ ಮಹಡಿಯಲ್ಲಿದೆ. ಆ ಅತ್ತೆಗೆ ಮೆಟ್ಟಿಲು ಹತ್ತಲು ಆಗದೆ, ನಾನು ಒಂದು ಕಡೆ, ಅಮ್ಮಿ ಒಂದು ಕಡೆ ಹಿಡಿದು ಮೇಲೆ ಕರೆತಂದೆವು. ಮುಂದಿನ ವರ್ಷ ನಾನೇ ಹತ್ಕೊಂಡು ಬರ್ತೀನಿ ಎಂದು ಅತ್ತೆ ನಗುತ್ತ ಹೇಳಿದರು. ಅದು ಎಂಥ ದುಡ್ಡಿನ ಊಟ ಎಂದು ಅವತ್ತು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕೆಲವು ತಿಂಗಳು ಕಳೆದ ಮೇಲೆ ಲಾಭ ನಿಂತಿತು. ಮೊದಲು ಬ್ಯಾಂಕಿನ ತೊಂದರೆ ಎಂದರು, ಆಮೇಲೆ ಹಬ್ಬ ಮುಗಿಯಲಿ ಎಂದರು. ಬಿಳಿ ಜುಬ್ಬಾದ ಹುಡುಗ ಶುಕ್ರವಾರ ಕಾಣಿಸಲಿಲ್ಲ. ಅವನ ಫೋನು ಸ್ವಿಚ್ ಆಫ್ ಆಯಿತು. ಒಂದು ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಹೊತ್ತಿಗೆ ಅಮ್ಮಿಯ ತಂಗಿ ಅಳುತ್ತ ಮೆಟ್ಟಿಲು ಹತ್ತಿ ಬಂದಳು. ಆಫೀಸಿಗೆ ಬೀಗ ಬಿದ್ದಿದೆ, ಸಂಸ್ಥೆಯ ಯಜಮಾನ ಊರಲ್ಲೇ ಇಲ್ಲವಂತೆ ಎಂದಳು.

ನಾನು ಶಾಲೆಗೆ ರಜೆ ಹೇಳಿ ಅಬ್ಬಾನ ಜೊತೆ ಹೋದೆ. ರಸ್ತೆಯ ಎರಡೂ ಬದಿ ಜನ. ಪೊಲೀಸರು ಕಬ್ಬಿಣದ ತಡೆಗಳನ್ನು ಹಾಕಿದ್ದರು. ಬುರ್ಖಾದ ಹೆಂಗಸರು ಫುಟ್‌ಪಾತಿನ ಮೇಲೆ ಕುಳಿತು, ಆ ಸಂಸ್ಥೆಯವರೇ ಹಂಚಿದ್ದ ಕ್ಯಾಲೆಂಡರಿನ ರಟ್ಟಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಗಾರ್ಮೆಂಟ್ಸಿಗೆ ಹೋಗುವವರು, ಗ್ಯಾರೇಜಿನವರು, ಆಟೋದವರು, ಗಾಡಿಯಲ್ಲಿ ಹಣ್ಣು ಮಾರುವವರು. ಕಾರಿನಲ್ಲಿ ಬಂದವರು ತೀರಾ ಕಡಿಮೆ. ಗಾಜಿನ ಬಾಗಿಲ ಸಂದಿಯಿಂದ ನೋಡಿದರೆ ಒಳಗಿನ ಸೋಫಾಗಳು ಇದ್ದಲ್ಲೇ ಇದ್ದವು. ಅಬ್ಬಾ ಅವನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಲೆಯ ಮೇಲಿದ್ದ ಟೋಪಿ ತೆಗೆದು ಮಡಿಸಿ ಜೇಬಿಗೆ ಹಾಕಿಕೊಂಡರು. ನಾನು ಕಂಡಂತೆ ಬೀದಿಯಲ್ಲಿ ಅವರು ಟೋಪಿ ತೆಗೆದದ್ದು ಅದೇ ಮೊದಲು.

ಅಲ್ಲಿಂದ ಮನೆಗೆ ಬರದೆ ಅವರು ನೇರವಾಗಿ ಬ್ಯಾಡರಹಳ್ಳಿಗೆ ಹೊರಟರು. ನಾನೂ ಬಸ್ಸು ಹತ್ತಿದೆ. ಮಾಗಡಿ ರಸ್ತೆಯ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತು ನಿಂತು ಹೋಗುತ್ತಿದ್ದರೆ ಅಬ್ಬಾ ಕಿಟಕಿಯಾಚೆ ನೋಡುತ್ತಾ ಕುಳಿತಿದ್ದರು. ಮಾಮನಿಗೆ ಟಿವಿಯಲ್ಲಿ ಆಗಲೇ ಸುದ್ದಿ ಗೊತ್ತಾಗಿತ್ತು. ಅವರು ಜಗಲಿಯ ಮೇಲೆ ಕುಳಿತಿದ್ದರು; ನಮ್ಮನ್ನು ನೋಡಿ ಬನ್ನಿ ಎಂದರು. ಅಬ್ಬಾ ನಿಂತೇ ಇದ್ದರು. ಒಳಗಿನಿಂದ ಅತ್ತೆ ಗೋಡೆ ಹಿಡಿದುಕೊಂಡು ನಿಧಾನವಾಗಿ ಬಾಗಿಲಿಗೆ ಬಂದರು. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು ಎಂದು ಅಬ್ಬಾ ಆಮೇಲೆ ಹೇಳಿದರು.

"ದೇವ್ರ ಹೆಸ್ರಲ್ಲಿ ನಡೀತದೆ ಅಂದ್ರಿ, ಅದಕ್ಕೆ ನಾವೂ ನಂಬಿದ್ವಿ. ನಮ್ಮ ದೇವ್ರಾಗಿದ್ರೆ ನಾನು ಮುಂದೆ ನಿಂತ್ಕೊಂಡು ಬೈತಿದ್ದೆ. ನಿಮ್ಮ ದೇವ್ರನ್ನ ನಾನು ಏನಂತ ಬೈಲಿ ಸಾಬ್ರೇ?"

ಮಾಮ ಹೆಂಡತಿಗೆ, ಒಳಗೆ ಹೋಗು, ಕಾಲು ನೋಯುತ್ತೆ ಎಂದರು. ಅವರು ಒಳಗೆ ಹೋಗಲಿಲ್ಲ, ನಾವೇ ಹೊರಟೆವು.

ಅದಾದ ಕೆಲವು ದಿನಕ್ಕೆ ಮಾಮನ ಅಣ್ಣನ ಮಕ್ಕಳು ನಮ್ಮ ಮನೆಯ ಕೆಳಗೆ ಬಂದು ನಿಂತರು. ನಮ್ಮ ಚಿಕ್ಕಪ್ಪನಿಗೆ ಟೋಪಿ ಹಾಕಿದ ಸಾಬ್ರು ಇದೇ ಮನೆಯಾ ಎಂದು ಬೀದಿಗೆಲ್ಲ ಕೇಳುವಂತೆ ಮಾತಾಡಿದರು. ಕೆಳಗಿನ ಮನೆಯಲ್ಲಿದ್ದ ಓನರ್ ಆಂಟಿ ಕಿಟಕಿ ಮುಚ್ಚಿಕೊಂಡರು. ಅಬ್ಬಾ ಇಳಿದು ಹೋಗಿ, ನನ್ನದೂ ಹೋಗಿದೆ ಕಣ್ರಪ್ಪಾ ಎಂದರೆ ಅವರು ಕೇಳಲಿಲ್ಲ. ಇನ್ನೂ ಬೇರೆ ಮಾತುಗಳು ಬಂದವು. ನಮ್ಮ ಜಾತಿ, ನಮ್ಮ ಜನ, ನಾವು ಎಲ್ಲಿಗೆ ಹೋಗಬೇಕು ಎಂಬುದು. ಕೊನೆಗೆ ಅಬ್ಬಾನ ಮೊಪೆಡ್ಡನ್ನು ತಳ್ಳಿಕೊಂಡು ಹೋದರು. ಅಬ್ಬಾ ತಡೆಯಲಿಲ್ಲ, ಕೀಲಿಯನ್ನೂ ಕೊಟ್ಟರು. ಅವತ್ತು ಸಂಜೆ ಓನರ್ ಆಂಟಿ ಮೇಲೆ ಬಂದು, ನಮಗೇನೂ ಇಲ್ಲಪ್ಪ, ಆದ್ರೆ ಬೀದಿಯಲ್ಲಿ ಗಲಾಟೆ ಆಗ್ಬಾರ್ದು ಎಂದು ಹೇಳಿ ಹೋದರು. ಅವರನ್ನು ಅದುವರೆಗೆ ನಮ್ಮವರೇ ಎಂದುಕೊಂಡಿದ್ದೆ.

ಎರಡು ಮೂರು ದಿನದ ಮೇಲೆ ಮಾಮ ಆ ಮೊಪೆಡ್ಡನ್ನು ವಾಪಸು ತಂದರು. ಪೆಟ್ರೋಲು ಮುಗಿದಿತ್ತೋ ಏನೋ, ಅರ್ಧ ದಾರಿ ತಳ್ಳಿಕೊಂಡೇ ಬಂದಿದ್ದರು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಅಮ್ಮಿ ಮೇಲಿನಿಂದ, ಬನ್ನಿ ಅಣ್ಣಾ, ಚಹಾ ಕುಡಿದು ಹೋಗಿ ಎಂದು ಕರೆದಳು. ಇವತ್ತು ಬೇಡಮ್ಮಾ ಎಂದು ಹೇಳಿ ಗಾಡಿಯನ್ನು ಅದರ ಜಾಗದಲ್ಲೇ ನಿಲ್ಲಿಸಿ ಹೋದರು. ಅಬ್ಬಾ ಒಳಗೆ ಇದ್ದರು. ದನಿ ಕೇಳಿಸಿತ್ತು, ಆದರೂ ಏಳಲಿಲ್ಲ.

ಸರ್ಕಾರ ದೂರು ತೆಗೆದುಕೊಳ್ಳಲು ಒಂದು ಕಲ್ಯಾಣ ಮಂಟಪದಲ್ಲಿ ಕೌಂಟರುಗಳನ್ನು ತೆರೆಯಿತು. ಜನ ಬೆಳಗಾಗುವ ಮೊದಲೇ ಸಾಲಿನಲ್ಲಿ ನಿಲ್ಲುತ್ತಿದ್ದರು. ಅಬ್ಬಾ ಮತ್ತು ಮಾಮ ಇಬ್ಬರ ದೂರನ್ನೂ ಬರೆದುಕೊಡಲು ನಾನು ಹೋಗಿದ್ದೆ. ಮಾಮನಿಗೆ ಫೋನ್ ಮಾಡಿ ಕರೆದವಳೂ ನಾನೇ. ಅವರು ಬಂದು ಸಾಲಿನಲ್ಲಿ ಅಬ್ಬಾನ ಹಿಂದೆ ನಿಂತರು. ಬಿಸಿಲು ಏರಿತಲ್ಲವಾ ಎನ್ನುವಂಥ ಒಂದೆರಡು ಮಾತು ಇಬ್ಬರ ನಡುವೆ ಆಯಿತು. ಅಷ್ಟೂ ಆಗಿದ್ದಕ್ಕೇ ನನ್ನ ಎದೆ ಹಗುರಾಯಿತು.

ನನ್ನ ಕೈಯಲ್ಲಿ ಪೆನ್ನು ಕಂಡು ಅಕ್ಕಪಕ್ಕದವರೂ ತಮ್ಮದನ್ನು ಬರೆದುಕೊಡಲು ಕೇಳಿದರು. ಬರೆಯುತ್ತಾ ನಾನು ಸುಮ್ಮನೆ, ಯಾಕೆ ಇಲ್ಲೇ ಹಾಕಿದಿರಿ ಎಂದು ಕೇಳುತ್ತಿದ್ದೆ. ಬಡ್ಡಿ ಹರಾಮು, ಅದಕ್ಕೆ ಎಂದು ಎಲ್ಲರೂ ಮೊದಲು ಹೇಳಿದರು. ಸ್ವಲ್ಪ ಹೊತ್ತು ಮಾತಾಡಿದ ಮೇಲೆ ಬೇರೆ ಬೇರೆ ಕಾರಣಗಳು ಹೊರಬಂದವು. ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವ ಒಬ್ಬ ಹೆಂಗಸು, ಬ್ಯಾಂಕಿನಲ್ಲಿಟ್ಟರೆ ಗಂಡ ಎಟಿಎಂ ಕಾರ್ಡು ಕಿತ್ತುಕೊಳ್ಳುತ್ತಾನೆ, ಇಲ್ಲಿ ನನ್ನ ಹೆಸರಿಗೆ ಮಾತ್ರ ಕೊಡುತ್ತಿದ್ದರು ಎಂದಳು. ಒಬ್ಬ ವೆಲ್ಡರು, ತಮ್ಮ ವಾರ್ಡಿನವರೆಲ್ಲ ಹಾಕಿದಾಗ ತಾನೊಬ್ಬ ಹಾಕದಿದ್ದರೆ ದುಡ್ಡಿಲ್ಲದವನು ಎಂದುಕೊಳ್ಳುತ್ತಾರೆ ಎಂದು ಹಾಕಿದ್ದ. ಇನ್ನೊಬ್ಬಳ ಮಗ ಆಸ್ಪತ್ರೆಯಲ್ಲಿದ್ದಾಗ ಆ ಸಂಸ್ಥೆಯವರು ನೋಡಲು ಬಂದಿದ್ದರಂತೆ. ಸ್ವಂತ ಅಣ್ಣ ಬಂದಿರಲಿಲ್ಲ. ದೇವರ ಭಯವನ್ನು ಕಟ್ಟಿಕೊಂಡು ಬಂದ ಆ ಜನರಿಗೆ ಬೇಕಾಗಿದ್ದದ್ದು ಒಂದಿಷ್ಟು ಮರ್ಯಾದೆ, ಒಂದು ಕುರ್ಚಿ, ಹೆಸರು ಹಿಡಿದು ಕೇಳುವ ಒಬ್ಬ ಮನುಷ್ಯ. ಅದನ್ನು ಕೊಟ್ಟವರು ಅವರನ್ನು ದೋಚಿದರು. ಉಳಿದವರು ಅದನ್ನೂ ಕೊಟ್ಟಿರಲಿಲ್ಲ.

ಮಾಮನ ಸರದಿ ಬಂದಾಗ ಕೌಂಟರಿನ ಅಧಿಕಾರಿ ಹೆಸರು ನೋಡಿ ತಲೆಯೆತ್ತಿದರು. ನೀವು ಹಿಂದೂ, ನೀವು ಇದರೊಳಗೆ ಹೇಗೆ ಬಂದಿರಿ, ಯಾರು ಸೇರಿಸಿದರು ಎಂದು ಕೇಳಿದರು. ಜನರನ್ನು ಸೇರಿಸಿದವರನ್ನು ಪೊಲೀಸರು ಠಾಣೆಗೆ ಕರೆಸುತ್ತಿದ್ದಾರೆ ಎಂಬ ಸುದ್ದಿ ಅಷ್ಟರಲ್ಲಾಗಲೇ ಸಾಲಿನಲ್ಲೆಲ್ಲ ಹಬ್ಬಿತ್ತು. ಅಬ್ಬಾ ಪಕ್ಕದಲ್ಲೇ ನಿಂತಿದ್ದರು.

"ಯಾರೂ ಸೇರಿಸ್ಲಿಲ್ಲ ಸಾರ್," ಎಂದರು ಮಾಮ. "ಬೋರ್ಡು ನೋಡ್ಕೊಂಡು ನಾನೇ ಹೋದೆ."

ಅಧಿಕಾರಿ ಬರೆದುಕೊಂಡರು. ಅಬ್ಬಾನ ಕಣ್ಣು ತುಂಬಿದ್ದನ್ನು ನಾನು ನೋಡಿದೆ, ಮಾಮ ನೋಡಲಿಲ್ಲ. ಹೊರಗೆ ಬಂದು ಮಂಟಪದ ಮೆಟ್ಟಿಲ ಮೇಲೆ ಕುಳಿತೆವು. ಮಾಮ ಮಜ್ಜಿಗೆ ತರುತ್ತೇನೆ ಎಂದು ಗೇಟಿನ ಕಡೆ ಹೋದರು.

ಆಗ ಒಬ್ಬ ಹುಡುಗಿ ನಮ್ಮ ಹತ್ತಿರ ಬಂದು ಸಲಾಮ್ ಹೇಳಿದಳು. ಆ ಆಫೀಸಿನ ಮುಂದಿನ ಮೇಜಿನಲ್ಲಿ ಕೂರುತ್ತಿದ್ದವಳು. ಅವಳಿಗೂ ಸಂಬಳ ಬಂದಿರಲಿಲ್ಲ, ಅವಳ ತಾಯಿಯ ದುಡ್ಡೂ ಹೋಗಿತ್ತು. ದೂರು ಕೊಡಲು ಬಂದಿದ್ದಳು. ಅಬ್ಬಾನಿಗೆ ಎಚ್ಚರಿಕೆ ಹೇಳಬೇಕೆಂದೇ ನಮ್ಮ ಹತ್ತಿರ ಬಂದಳು ಎಂದು ಈಗ ಅನಿಸುತ್ತದೆ. ನೀವು ಒಬ್ಬರನ್ನು ಕರೆದುಕೊಂಡು ಬಂದಿದ್ದಿರಲ್ಲ ಚಾಚಾ, ಅದರ ಕಮಿಷನ್ ನಿಮಗೆ ಹೋಗಿದೆ, ಪೊಲೀಸರು ಕೇಳಿದರೆ ಗೊತ್ತಿರಲಿಲ್ಲ ಅನ್ನಿ ಎಂದು ದನಿ ತಗ್ಗಿಸಿ ಹೇಳಿದಳು. ನನಗೆ ಯಾರೂ ಕಮಿಷನ್ ಕೊಟ್ಟಿಲ್ಲ ಎಂದು ಅಬ್ಬಾ ಹೇಳಿದರು. ಆ ಹುಡುಗಿ, ಬೇರೆಯಾಗಿ ಕೊಡುತ್ತಿರಲಿಲ್ಲ, ಮುಂದಿನ ತಿಂಗಳ ಲಾಭದಲ್ಲೇ ಸೇರಿಸಿ ಹಾಕುತ್ತಿದ್ದರು, ನಿಮಗೂ ಹಾಗೇ ಹಾಕಿದ್ದರು ಎಂದಳು.

ಅವಳು ಹೋದ ಮೇಲೆ ಅಬ್ಬಾ ಮೊಣಕಾಲುಗಳ ಮೇಲೆ ಅಂಗೈ ಊರಿಕೊಂಡು ಕುಳಿತರು. ಬಿರಿಯಾನಿ ಮಾಡಿಸಿದ ತಿಂಗಳು ಎಂದು ನನಗೂ ಹೊಳೆಯಿತು. ಬಡ್ಡಿಯನ್ನು ಬದುಕಿಡೀ ಮುಟ್ಟದ ಮನುಷ್ಯ ಗೆಳೆಯನ ದುಡ್ಡಿನದೇ ಒಂದು ತುಂಡನ್ನು ತಿಂದಿದ್ದರು, ಗೆಳೆಯನಿಗೂ ಅದನ್ನೇ ಬಡಿಸಿದ್ದರು. ಅಬ್ಬಾ, ಈಗ ಇದನ್ನು ಹೇಳಬೇಡಿ, ಇವತ್ತು ಬೇಡ ಎಂದು ನಾನು ಅವರ ಕೈ ಹಿಡಿದುಕೊಂಡೆ. ಮಾಮ ಮಜ್ಜಿಗೆ ಪ್ಯಾಕೆಟ್ಟುಗಳನ್ನು ಹಿಡಿದುಕೊಂಡು ಬರುತ್ತಿದ್ದರು. ಅಬ್ಬಾ ನನ್ನ ಕೈ ಬಿಡಿಸಿಕೊಂಡು ಎದ್ದು ನಿಂತರು. ಎಲ್ಲವನ್ನೂ ಹೇಳಿದರು. ಏನೂ ಮುಚ್ಚಿಡಲಿಲ್ಲ, ಗೊತ್ತಿರಲಿಲ್ಲ ಎಂಬ ಮಾತನ್ನು ಕೂಡ ಕೊನೆಯಲ್ಲಿ, ಮೆಲ್ಲಗೆ ಸೇರಿಸಿದರು.

ಮಾಮ ಕೇಳಿಸಿಕೊಂಡರು. ಕೈಯಲ್ಲಿದ್ದ ಮಜ್ಜಿಗೆಯನ್ನು ಮೆಟ್ಟಿಲ ಮೇಲೆ ಇಟ್ಟರು.

"ಇದನ್ನ ನಂಗೆ ಹೇಳ್ಬಾರ್ದಾಗಿತ್ತು ಸಾಬ್ರೇ," ಎಂದರು. "ಒಳಗೆ ಸುಳ್ಳು ಹೇಳ್ಬಿಟ್ಟು ಬಂದಿದೀನಿ. ಆ ಸುಳ್ಳಾದ್ರೂ ಸಮಾಧಾನವಾಗಿ ಇರ್ತಿತ್ತು."

ಅಷ್ಟು ಹೇಳಿ ಬಸ್‌ಸ್ಟಾಪಿನ ಕಡೆ ನಡೆದರು. ಅಬ್ಬಾ ಹಿಂದೆ ಹೋಗಲಿಲ್ಲ. ಜನರ ಸಾಲು ಗೇಟಿನಾಚೆಗೂ ಇತ್ತು, ಮಾಮ ಅದರೊಳಗೆ ಎಲ್ಲಿ ಮರೆಯಾದರೋ ಕಾಣಿಸಲಿಲ್ಲ.

ಇದಾಗಿ ಕೆಲವು ವರ್ಷಗಳಾಗಿವೆ. ಅವರಿಬ್ಬರು ಆಮೇಲೆ ಮಾತಾಡಿಲ್ಲ. ಅಬ್ಬಾನನ್ನು ಠಾಣೆಗೆ ಒಮ್ಮೆ ಕರೆಸಿದ್ದರು. ಇದ್ದದ್ದನ್ನು ಇದ್ದ ಹಾಗೆ ಹೇಳಿ ಬಂದರು. ಅವರ ಮೇಲೆ ಕೇಸು ಆಗಲಿಲ್ಲ, ಅದರಿಂದ ಅವರಿಗೆ ಸಂತೋಷವಾದಂತೆಯೂ ಕಾಣಲಿಲ್ಲ. ಈಗ ಚಂದ್ರಾ ಲೇಔಟಿನ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ, ಬೋಲ್ಟು ತೂಗಿಕೊಡುವ ಕೆಲಸ ಮಾಡುತ್ತಾರೆ. ನಮಾಜನ್ನು ಮನೆಯಲ್ಲೇ ಮಾಡುತ್ತಾರೆ. ಮಸೀದಿಯ ಗಲ್ಲಿಯಲ್ಲಿ ಕಳೆದುಕೊಂಡವರೇ ಎದುರಾಗುತ್ತಾರೆ, ಒಬ್ಬರ ಮುಖ ಒಬ್ಬರು ನೋಡಲಾಗುವುದಿಲ್ಲ ಎನ್ನುತ್ತಾರೆ. ಅಮ್ಮಿಗೆ ಬಿಪಿ ಬಂದಿದೆ. ಚಿನ್ನ ಎಲ್ಲಿದೆ, ಧಾನ್ಯದ ಮಂಡಿ ಎಲ್ಲಿದೆ ಎಂದು ತಾನು ಅವತ್ತು ಕೇಳಿದ್ದನ್ನು ಅವಳು ಒಮ್ಮೆಯೂ ನೆನಪಿಸಿಲ್ಲ, ಅದಕ್ಕಾಗಿ ನಾನು ಅವಳಿಗೆ ಋಣಿ.

ಆ ಸಂಸ್ಥೆಯ ಆಸ್ತಿ ಹರಾಜು ಹಾಕಿ ಬಂದದ್ದರಲ್ಲಿ ಒಂದಿಷ್ಟನ್ನು ಸರ್ಕಾರ, ದುಡ್ಡು ಹಾಕಿದವರ ಖಾತೆಗಳಿಗೆ ಕಟ್ಟಿತು. ಹೋದದ್ದರ ಮುಂದೆ ಅದು ಏನೂ ಅಲ್ಲ. ಅಬ್ಬಾ ತಮಗೆ ಬಂದದ್ದನ್ನು ಬಿಡಿಸಿ ನನ್ನ ಕೈಗೆ ಕೊಟ್ಟು, ಆ ತಿಂಗಳು ಹೆಚ್ಚಿಗೆ ಬಂದದ್ದು ಇದರಲ್ಲಿ ತೀರಬೇಕು, ಬ್ಯಾಡರಹಳ್ಳಿಗೆ ಕೊಟ್ಟು ಬಾ ಎಂದರು. ನಾನು ಒಂದು ಭಾನುವಾರ ಹೋದೆ. ಮಾಮ ಎಣಿಸದೆ ಅಂಗಿಯ ಜೇಬಿಗೆ ಹಾಕಿಕೊಂಡರು. ಟೀಚ್ರಮ್ಮಾ, ಕೂತ್ಕೊ ಎಂದರು. ಅತ್ತೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಬಹಳ ಕಾದ ಮೇಲೆ ಒಂದು ಮೊಣಕಾಲಿನ ಆಪರೇಷನ್ ಆಗಿತ್ತು. ವಾಕರ್ ಹಿಡಿದುಕೊಂಡು ಬಂದು ಕಾಫಿ ಕೊಟ್ಟರು. ನನ್ನ ಶಾಲೆಯ ವಿಷಯ, ಅವರ ಬೀದಿಗೆ ಬಂದ ಹೊಸ ಬಾಡಿಗೆದಾರರ ವಿಷಯ, ನೀರಿನ ವಿಷಯ ಎಲ್ಲ ಮಾತಾಡಿದರು. ಅಬ್ಬಾನ ವಿಷಯ ಬಿಟ್ಟು.

ಮಾಮ ಬಸ್‌ಸ್ಟಾಪಿನವರೆಗೆ ಬಂದು ನಿಂತರು. "ಇನ್ಮೇಲೆ ದುಡ್ಡು ತರ್ಬೇಡ ಕಣಮ್ಮ," ಎಂದರು. "ತಂದ್ರೆ ಅದೇ ಜ್ಞಾಪಕ ಬರುತ್ತೆ. ಸುಮ್ನೆ ಬಂದು ಹೋಗು."

ಮನೆಗೆ ಬಂದಾಗ ಅಬ್ಬಾ ಬಾಗಿಲಲ್ಲೇ ಕುಳಿತಿದ್ದರು. ತಗೊಂಡರಾ ಎಂದು ಕೇಳಿದರು. ತಗೊಂಡರು ಎಂದೆ. ನನ್ನ ವಿಷಯ ಏನಾದರೂ ಕೇಳಿದರಾ ಎಂದರು. ಒಂದು ಕ್ಷಣ ಏನೇನೋ ಬಾಯಿಗೆ ಬಂತು. ಆದರೆ ನಿಜ ಹೇಳಿದ್ದಕ್ಕೆ ಅಷ್ಟು ಬೆಲೆ ತೆತ್ತ ಮನುಷ್ಯನಿಗೆ ಸುಳ್ಳು ಹೇಳಲಾಗಲಿಲ್ಲ.

"ಇಲ್ಲ ಅಬ್ಬಾ, ಕೇಳ್ಲಿಲ್ಲ."

ಅವರು ಹೂಂ ಎಂದರು. ಆಮೇಲೆ, ಅವರ ಮನೆಯವರ ಇನ್ನೊಂದು ಮೊಣಕಾಲಿಗೆ ಯಾವಾಗ ಬರಲು ಹೇಳಿದ್ದಾರೆ ಎಂದು ಕೇಳಿದರು. ಆಸ್ಪತ್ರೆಯವರು ಇನ್ನೂ ಹೇಳಿಲ್ಲ ಎಂದೆ. ಅಮ್ಮಿ ಒಳಗಿನಿಂದ ಊಟಕ್ಕೆ ಕರೆದಳು. ಅಬ್ಬಾ ಕೈ ತೊಳೆಯಲು ಎದ್ದು ಹೋದರು.